ಔಷಧಿ ಹೊಡೆದವರಿಗೂ ಔಷಧಿ ಹುಡುಕಿ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಬಹಿರಂಗ ಪತ್ರ

ಮಂಡಳಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೂ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಶಾಸಕರಿಗೆ ನಮಸ್ಕಾರಗಳು.

ನಾನು ಕಾರಟಗಿ ಕಡೆಯವಳು. ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವ ಮನೆ ನಮ್ಮದು. ಬಯೋಟೆಕ್ನಾಲಜಿ ಓದಿ ನಾಲ್ಕು ವರ್ಷ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ದುಡಿದೆ. ಅಲ್ಲಿ ನನ್ನ ಕೆಲಸ ಏನು ಅಂತ ಕೇಳಿದರೆ ನಗು ಬರಬಹುದು. ಜೀವಕೋಶಗಳನ್ನು ಜೋಪಾನವಾಗಿ ಬೆಳೆಸುವುದು, ಬೆಳೆದ ಮೇಲೆ ಬೇಕಂತಲೇ ವಿಷ ಹಾಕುವುದು, ಸಾವಿರಾರು ರಾಸಾಯನಿಕಗಳಲ್ಲಿ ಯಾವುದನ್ನು ಕೊಟ್ಟರೆ ಅವು ಸಾಯದೆ ಉಳಿಯುತ್ತವೆ ಅಂತ ನೋಡುವುದು. ನರಕೋಶಗಳು ಸಾಯುವ ಕಾಯಿಲೆಗಳಿಗೆ ಔಷಧಿ ಹುಡುಕುವ ಮೊದಲ ಹೆಜ್ಜೆ ಇದು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಅದೇ ವಾರ ಅಪ್ಪನಿಗೆ ಪಾರ್ಕಿನ್ಸನ್ ಅನ್ನುವ ನಡುಕದ ಕಾಯಿಲೆ ಅಂತ ಗೊತ್ತಾಯಿತು. ಊರಿಗೆ ಊರೇ ನೀರಿನ ಚಿಂತೆಯಲ್ಲಿತ್ತು. ನಾನು ಲ್ಯಾಬ್ ಕೆಲಸ ಬಿಟ್ಟು ಮನೆಗೆ ಬಂದೆ. ಈಗ ಇಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ದೊಡ್ಡ ಆಸ್ಪತ್ರೆ ಕಟ್ಟಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಧರಣಿ ಕೂತವರ ಕೂಗು ನಿಮಗೆ ಕೇಳಿದೆ, ಅದು ಗೆಲ್ಲಲಿ. ನನ್ನದು ಸಣ್ಣ ಬೇಡಿಕೆ. ಒಂದು ದಾಖಲೆ ಪುಸ್ತಕ, ಎರಡು ಚಮಚ ರಕ್ತ, ಆ ರಕ್ತ ಕೆಡದಂತೆ ಇಡಲು ಒಂದು ಕ್ಯಾನ್. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಪ್ಪ ಕೂಲಿ ಲೆಕ್ಕ ಬರೆಯುವ ನೋಟ್‌ಬುಕ್‌ಗಳು ಮನೆಯಲ್ಲಿವೆ. ಊರಿಗೆ ಬಂದ ಮೇಲೆ ಒಂದು ದಿನ ಸುಮ್ನೆ ತಿರುವಿ ಹಾಕಿದೆ. 2016ರ ಪುಸ್ತಕದಲ್ಲಿ ಅಕ್ಷರ ದಪ್ಪದಪ್ಪ, ಗೆರೆ ಮೀರಿ ಹೋಗಿವೆ. 2019ರಲ್ಲಿ ಗೆರೆಯೊಳಗೆ ಬಂದಿವೆ. 2022ಕ್ಕೆ ಸಾಲಿನ ಆರಂಭದಲ್ಲಿ ಜೋಳದ ಕಾಳಿನಷ್ಟಿದ್ದ ಅಕ್ಷರ ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆ ಆಗಿದೆ. ಕೈ ನಡುಗುವುದಕ್ಕೆ ಮುಂಚೆಯೇ ಬರವಣಿಗೆ ಕುಗ್ಗುವುದು ಈ ಕಾಯಿಲೆಯ ಗುರುತು. ಕಾಗದ ಉಳಿಸುತ್ತಿದ್ದಾರೆ ಅಂದುಕೊಂಡಿದ್ದೆವು.

ಅದಕ್ಕೂ ಮೊದಲು ಮೂಗು ಹೋಗಿತ್ತು. ಹೊಸ ಸೋನಾ ಮಸೂರಿ ಅನ್ನ ಬಸಿದರೆ ಮನೆಯೆಲ್ಲ ಘಮ್ ಅನ್ನುತ್ತಿತ್ತು. ಅಪ್ಪ ಪಡಸಾಲೆಯಲ್ಲೇ ಕೂತು "ಅನ್ನ ಆಯ್ತೇನು?" ಅಂತ ಕೇಳುತ್ತಿದ್ದರು. ವಾಸನೆ ತಿಳಿಯದಿರುವುದು ಪಾರ್ಕಿನ್ಸನ್‌ನಲ್ಲಿ ನಡುಕಕ್ಕಿಂತ ವರ್ಷಗಟ್ಟಲೆ ಮುಂಚೆ ಶುರುವಾಗಬಹುದು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮನೆಯಲ್ಲಿ ಕಣ್ಣಿಗೆ ಬೀಳಲಿಲ್ಲ.

ಮೆದುಳಿನ ಬುಡದ ಹತ್ತಿರ, ಕೈಕಾಲು ಸರಾಗವಾಗಿ ಆಡಲು ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಕಪ್ಪು ಬಣ್ಣದ ನರಕೋಶಗಳ ಒಂದು ಪುಟ್ಟ ಪಟ್ಟಿ ಇದೆ. ಪಾರ್ಕಿನ್ಸನ್‌ನಲ್ಲಿ ಆ ಕೋಶಗಳು ಸಾಯುತ್ತಾ ಹೋಗುತ್ತವೆ. ಡಾಕ್ಟರ್ ಕಾಯಿಲೆ ಗುರುತಿಸುವ ಹೊತ್ತಿಗೆ ದೊಡ್ಡ ಪಾಲು ಹೋಗಿಬಿಟ್ಟಿರುತ್ತದೆ. 1960ರ ದಶಕದಿಂದ ಇರುವ ಲೆವೊಡೋಪಾ ಗುಳಿಗೆ ಕಡಿಮೆಯಾದ ಡೋಪಮೈನನ್ನು ತುಂಬಿಕೊಡುತ್ತದೆ, ಕೋಶ ಸಾಯುವುದನ್ನು ತಡೆಯುವುದಿಲ್ಲ. ತಡೆಯುತ್ತದೆ ಅಂತ ಸಾಬೀತಾದ ಔಷಧಿ ಇವತ್ತಿಗೂ ಇಲ್ಲ.

ನಸುಗುನ್ನಿ ಪುಡಿ ಕೊಡಿ ಅಂತ ನಮಗೆ ಹೇಳದ ನೆಂಟರಿಲ್ಲ. ಅವರ ಮಾತು ಪೂರ್ತಿ ತಪ್ಪೇನಲ್ಲ. ನಸುಗುನ್ನಿ ಬೀಜದಲ್ಲಿ ಇರುವುದು ಅದೇ ಲೆವೊಡೋಪಾ, 1937ರಲ್ಲೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಆದರೆ ಅದೂ ಖಾಲಿಯಾದ ಕೊಡಕ್ಕೆ ನೀರು ಹೊಯ್ಯುವ ಕೆಲಸವೇ. ಕೊಡದ ತೂತು ಹಾಗೇ ಇರುತ್ತದೆ. ಗುಳಿಗೆಯ ಜೊತೆ ಪುಡಿಯನ್ನೂ ಕೊಟ್ಟರೆ ಡೋಸ್ ಎಷ್ಟಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ತೂತು ಮುಚ್ಚುವುದನ್ನು ಹುಡುಕುವುದು ಹೇಗೆ? ಬಳ್ಳಾರಿ ಕಡೆಯವರಿಗೆ ಹೇಳುವುದು ಸುಲಭ. ಪಡ್ಡಿನ ಹಂಚು ನೆನಪಿಸಿಕೊಳ್ಳಿ. ಅಂಗೈಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 384 ಕುಳಿಗಳು. ಒಂದೊಂದು ಕುಳಿಯಲ್ಲಿ ಕೆಲವು ಸಾವಿರ ಜೀವಕೋಶ. ಪ್ರತಿ ಕುಳಿಗೂ ಒಂದೊಂದು ಬೇರೆ ರಾಸಾಯನಿಕ, ಆಮೇಲೆ ಎಲ್ಲಕ್ಕೂ ಒಂದೇ ವಿಷ. ಒಂದು ಸಾಲಿಗೆ ವಿಷ ಹಾಕುವುದಿಲ್ಲ, ಆ ಕೋಶಗಳು ಬದುಕಿರಬೇಕು. ಇನ್ನೊಂದು ಸಾಲಿಗೆ ಬರೀ ವಿಷ, ಅವು ಸಾಯಬೇಕು. ಈ ಎರಡು ಸಾಲಿನ ನಡುವೆ ಅಜಗಜಾಂತರ ಇದ್ದರೆ ಮಾತ್ರ ಆ ದಿನದ ತಟ್ಟೆಗೆ ಬೆಲೆ, ಇಲ್ಲದಿದ್ದರೆ ಕಸದ ಬುಟ್ಟಿಗೆ.

ಬದುಕಿದೆಯೋ ಸತ್ತಿದೆಯೋ ಅಂತ ಹೇಳುವುದು ಮಿಂಚುಹುಳದ ಬೆಳಕು. ನಿಜವಾಗಿಯೂ. ಮಿಂಚುಹುಳ ಮಿನುಗಲು ಬಳಸುವ ಲೂಸಿಫರೇಸ್ ಅನ್ನುವ ಕಿಣ್ವವನ್ನು ಕುಳಿಗಳಿಗೆ ಹಾಕುತ್ತೇವೆ. ಅದು ಬೆಳಗಲು ಎಟಿಪಿ ಬೇಕು. ಎಟಿಪಿ ಅಂದರೆ ಕೋಶದ ಕೈಯಲ್ಲಿರುವ ಚಿಲ್ಲರೆ ಕಾಸು, ಸತ್ತ ಕೋಶದ ಹತ್ತಿರ ಅದು ಇರುವುದಿಲ್ಲ. ಬದುಕಿದ ಕುಳಿ ಬೆಳಗುತ್ತದೆ, ಸತ್ತ ಕುಳಿ ಕತ್ತಲೆ. ಬೆಳಕು ಎಷ್ಟು ಅಂತ ಯಂತ್ರ ಎಣಿಸುತ್ತದೆ. ನೂರಾರು ಕತ್ತಲೆ ಅಂಕಿಗಳ ನಡುವೆ ಒಂದು ದೊಡ್ಡ ಅಂಕಿ ಕಂಡರೆ ಎದೆ ಡವಡವ ಅನ್ನುತ್ತದೆ.

ಆ ಖುಷಿ ಜಾಸ್ತಿ ದಿನ ಉಳಿಯುವುದಿಲ್ಲ ಅನ್ನುವುದು ಬೇರೆ ಮಾತು. ಕೆಲವು ರಾಸಾಯನಿಕಗಳು ಕೋಶವನ್ನು ಉಳಿಸುವ ಬದಲು ಮಿಂಚುಹುಳದ ಕಿಣ್ವದ ಜೊತೆಗೇ ಆಟವಾಡುತ್ತವೆ. ಕೆಲವು ವಿಷವನ್ನು ಕೋಶದ ಹೊರಗೇ ಹಿಡಿದುಕೊಳ್ಳುತ್ತವೆ, ವಿಷ ಮೊದಲೇ ಒಳಗೆ ಸೇರಿರುವ ಮನುಷ್ಯನಿಗೆ ಅದರಿಂದ ಏನು ಬಂತು? ಇನ್ನು ಕೆಲವು ಸಲ ಕೋಶ ಬದುಕಿರುತ್ತದೆ, ಆದರೆ ಪಕ್ಕದ ಕೋಶಕ್ಕೆ ಚಾಚಬೇಕಾದ ಎಳೆಗಳೆಲ್ಲ ಉದುರಿರುತ್ತವೆ. ಉಸಿರಿದೆ, ಮಾತಿಲ್ಲ. ಇದನ್ನೆಲ್ಲ ಸೋಸಿದ ಮೇಲೆ ಉಳಿಯುವುದು ಬೆರಳೆಣಿಕೆಯಷ್ಟು.

ಕೋಶ ಸಾಯುವ ದಾರಿಯೂ ಒಂದಲ್ಲ. ಹಣ್ಣೆಲೆ ಉದುರಿದ ಹಾಗೆ ಅಚ್ಚುಕಟ್ಟಾಗಿ ಸಾಯುವ ಒಂದು ಬಗೆಗೆ 1972ರಲ್ಲಿ ಅಪೊಪ್ಟೋಸಿಸ್ ಅಂತ ಹೆಸರಿಟ್ಟರು. ಅದು ಬೇಕಾದ ಸಾವು. ಒಂದು ಮಿಲಿಮೀಟರ್ ಉದ್ದದ ಹುಳುವೊಂದು ಬೆಳೆಯುವಾಗ ಅದರಲ್ಲಿ 1,090 ಕೋಶ ಹುಟ್ಟುತ್ತವೆ, ಅದರಲ್ಲಿ ಸರಿಯಾಗಿ 131 ಸಾಯುತ್ತವೆ, ಪ್ರತಿ ಹುಳುವಿನಲ್ಲೂ ಅವೇ 131. ಈ ಲೆಕ್ಕ ಬಿಡಿಸಿದವರಿಗೆ 2002ರಲ್ಲಿ ನೊಬೆಲ್ ಬಂತು. 2012ರಲ್ಲಿ ಹೆಸರು ಪಡೆದ ಇನ್ನೊಂದು ಬಗೆ ಫೆರೊಪ್ಟೋಸಿಸ್, ಕಬ್ಬಿಣದಿಂದ ಆಗುವ ಸಾವು. ಸಂಡೂರಿನ ಅದಿರಿಗೂ ಇದಕ್ಕೂ ಸಂಬಂಧ ಇಲ್ಲ, ಹೆದರಬೇಡಿ. ಕೋಶದೊಳಗೇ ಇರುವ ಕಬ್ಬಿಣದ ಮಾತು ಇದು. ಪಾರ್ಕಿನ್ಸನ್ ರೋಗಿಗಳ ಮೆದುಳಿನ ಆ ಪಟ್ಟಿಯಲ್ಲಿ ಕಬ್ಬಿಣ ಜಾಸ್ತಿ ಇರುತ್ತದೆ. ಹಾಗಾದರೆ ಕಬ್ಬಿಣ ತೆಗೆದರೆ ಕೋಶ ಉಳಿಯಬೇಕು, ಅಲ್ವಾ? ಯುರೋಪಿನಲ್ಲಿ 372 ರೋಗಿಗಳ ಮೇಲೆ 36 ವಾರ ಇದನ್ನು ಪರೀಕ್ಷಿಸಿದರು. 2022ರಲ್ಲಿ ಫಲಿತಾಂಶ ಬಂತು. ಕಬ್ಬಿಣ ತೆಗೆಯುವ ಡೆಫೆರಿಪ್ರೋನ್ ತಗೊಂಡವರ ಸ್ಥಿತಿ ತಗೊಳ್ಳದವರಿಗಿಂತ ಕೆಟ್ಟಿತ್ತು. ತಟ್ಟೆಗೂ ಮನುಷ್ಯನಿಗೂ ಅಷ್ಟು ದೂರ.

ದೂರಕ್ಕೆ ಒಂದು ಕಾರಣ ತಟ್ಟೆಯಲ್ಲೇ ಇದೆ. ನಾವು ಜಾಸ್ತಿ ಬಳಸುತ್ತಿದ್ದ ನರಕೋಶದ ತಳಿ 1970ರ ದಶಕದ್ದು, ನಾಲ್ಕು ವರ್ಷದ ಒಬ್ಬ ಹುಡುಗಿಯ ಕ್ಯಾನ್ಸರ್ ಗಡ್ಡೆಯಿಂದ ಬಂದದ್ದು. ಕ್ಯಾನ್ಸರ್ ಕೋಶದ ಗುಣವೇ ಸಾಯದಿರುವುದು. ಸಾಯಲು ಒಲ್ಲದ ಕೋಶವನ್ನು ಸಾವಿನಿಂದ ಉಳಿಸುವುದನ್ನು ಕಲಿತು, ಅರವತ್ತೈದು ವರ್ಷದ ರೈತನ ಮೆದುಳಿಗೆ ಹೊಂದುತ್ತದೆ ಅಂತ ಕಾಯುತ್ತಾ ಕೂತರೆ ಹೇಗೆ?

ಈಗ ನನ್ನ ವಿಷಯದ ತಿರುಳಿಗೆ ಬರುತ್ತೇನೆ.

ಲ್ಯಾಬ್ ಸೇರಿದ ಎರಡನೇ ತಿಂಗಳು. ಸೀನಿಯರ್ ಒಬ್ಬರು ವಿಷದ ಶೀಶೆ ತರಲು ಕಳಿಸಿದರು. ಬೀಗ ಹಾಕಿದ ಕಪಾಟು, ಒಳಗೆ ಬೆರಳಿನಷ್ಟು ಉದ್ದದ ಶೀಶೆ. ಲೇಬಲ್ ಓದಿದೆ. ಪ್ಯಾರಾಕ್ವಾಟ್. ನಮ್ಮ ಮನೆಯಲ್ಲಿ ಅದು ಐದು ಲೀಟರಿನ ಕ್ಯಾನ್‌ನಲ್ಲಿ ಎಮ್ಮೆ ಹೊಟ್ಟಿನ ಪಕ್ಕ ಇರುತ್ತಿತ್ತು.

ನಮ್ಮ ಕಡೆ ಹೊಲಕ್ಕೆ ಹೊಡೆಯುವುದನ್ನು ವಿಷ ಅಂತ ಯಾರೂ ಕರೆಯುವುದಿಲ್ಲ ನೋಡಿ. ಔಷಧಿ ಅನ್ನುತ್ತೇವೆ, ಇಲ್ಲದಿದ್ದರೆ ಎಣ್ಣೆ. ಬದುವಿನ ಕಳೆಗೆ ಹೊಡೆಯುವ ಈ ಪ್ಯಾರಾಕ್ವಾಟ್ ನಮಗೆ ಕಸದ ಎಣ್ಣೆ. ಲ್ಯಾಬ್‌ನಲ್ಲಿ ನಾನು ಎರಡು ಜೊತೆ ಗ್ಲೌಸ್ ಹಾಕಿ, ಗಾಳಿ ಹೊರಗೆಳೆಯುವ ಪೆಟ್ಟಿಗೆಯೊಳಗೆ ಕೈಯಿಟ್ಟು, ಕಣ್ಣಿಗೆ ಕಾಣದಷ್ಟು ತೂಗುತ್ತಿದ್ದೆ. ಅಪ್ಪ ಕ್ಯಾನಿನ ಮುಚ್ಚಳದಲ್ಲೇ ಅಳೆದು, ಕಾಲುವೆ ನೀರು ತುಂಬಿದ ಬಕೆಟ್‌ಗೆ ಸುರಿದು, ಜಾಲಿ ಕಡ್ಡಿಯಿಂದ ತಿರುವುತ್ತಿದ್ದರು. ಬೆನ್ನಿನ ಪಂಪ್ ಸೋರಿ ಅಂಗಿ ಒದ್ದೆಯಾದರೂ ಸಂಜೆಯವರೆಗೆ ಅದೇ ಅಂಗಿ.

ಪ್ಯಾರಾಕ್ವಾಟ್ ಕೋಶದೊಳಗೆ ಹೋಗಿ ಅಲ್ಲಿನ ಎಲೆಕ್ಟ್ರಾನನ್ನು ಕದ್ದು ಆಮ್ಲಜನಕಕ್ಕೆ ಕೊಡುತ್ತದೆ, ಮತ್ತೆ ಕದಿಯುತ್ತದೆ, ಮತ್ತೆ ಕೊಡುತ್ತದೆ. ಹಾಗೆ ಕೆರಳಿದ ಆಮ್ಲಜನಕ ಕೋಶವನ್ನು ಸುಡುತ್ತದೆ. ಯುರೋಪ್ ಒಕ್ಕೂಟದಲ್ಲಿ 2007ರಿಂದ ಅದನ್ನು ಬಳಸುವ ಹಾಗಿಲ್ಲ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕಲಬೆರಕೆ ಮಾದಕ ವಸ್ತು ಚುಚ್ಚಿಕೊಂಡು ಕೆಲವೇ ದಿನಗಳಲ್ಲಿ ಮುದಿ ಪಾರ್ಕಿನ್ಸನ್ ರೋಗಿಗಳ ಹಾಗೆ ಕಲ್ಲಾಗಿ ಕೂತರು. ಅದರಲ್ಲಿದ್ದ ಎಂಪಿಟಿಪಿ ಅನ್ನುವ ವಸ್ತು ಮೆದುಳಿನಲ್ಲಿ ಬದಲಾಗಿ ಪಡೆಯುವ ರೂಪ ಪ್ಯಾರಾಕ್ವಾಟನ್ನು ತುಂಬಾ ಹೋಲುತ್ತದೆ. ಕಳೆನಾಶಕದ ಮೇಲೆ ಅನುಮಾನ ಜಾಸ್ತಿಯಾದದ್ದು ಅಲ್ಲಿಂದಲೇ. ಫ್ರಾನ್ಸ್ 2012ರಲ್ಲಿ ಕೀಟನಾಶಕ ಬಳಸುವ ರೈತರ ಪಾರ್ಕಿನ್ಸನ್ನನ್ನು ವೃತ್ತಿಯಿಂದ ಬಂದ ಕಾಯಿಲೆ ಅಂತ ಒಪ್ಪಿಕೊಂಡಿತು.

ಅಪ್ಪನಿಗೆ ಇದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳಲು ಆಗುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಒಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಬಿಪಿ ಕೇಳಿದರು, ಶುಗರ್ ಕೇಳಿದರು, ಬೀಡಿ ಕೇಳಿದರು. ಉದ್ಯೋಗ ಅನ್ನುವ ಜಾಗದಲ್ಲಿ "ವ್ಯವಸಾಯ" ಅಂತ ಬರೆದು ಪುಟ ತಿರುವಿದರು. ಎಷ್ಟು ವರ್ಷ, ಯಾವ ಬೆಳೆ, ಏನು ಹೊಡೆದಿರಿ, ಯಾವುದರ ಜೊತೆ ಯಾವುದನ್ನು ಬೆರೆಸಿದಿರಿ? ಇಲ್ಲ.

ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ರೈತರು ಯಾವ ಹೊಲಕ್ಕೆ ಯಾವ ಕೀಟನಾಶಕ ಎಷ್ಟು ಹೊಡೆದರು ಅಂತ 1990ರಿಂದ ಸರ್ಕಾರಕ್ಕೆ ವರದಿ ಕೊಡಲೇಬೇಕು. 2023ರಲ್ಲಿ ಅಲ್ಲಿನ ಸಂಶೋಧಕರು ಆ ದಾಖಲೆಯನ್ನೂ ಪಾರ್ಕಿನ್ಸನ್ ರೋಗಿಗಳ ವಿಳಾಸಗಳನ್ನೂ ತಾಳೆ ಹಾಕಿದ್ದರ ಫಲ ಹೊರಬಂತು. ಅನುಮಾನ ಬಂದ ಕೀಟನಾಶಕಗಳನ್ನು ಒಬ್ಬ ರೋಗಿಯ ಕೋಶಗಳಿಂದಲೇ ಬೆಳೆಸಿದ ಡೋಪಮೈನ್ ನರಕೋಶಗಳ ಮೇಲೆ ಹಾಕಿ ನೋಡಿದರು. ಹತ್ತು ಕೀಟನಾಶಕಗಳು ಆ ಕೋಶಗಳನ್ನು ನೇರವಾಗಿ ಘಾಸಿ ಮಾಡಿದವು. ಹತ್ತಿ ಹೊಲದಲ್ಲಿ ಒಟ್ಟೊಟ್ಟಿಗೆ ಹೊಡೆಯುವ ಕೆಲವು ಮಿಶ್ರಣಗಳು ಒಂಟಿಯಾಗಿ ಹಾಕಿದ್ದಕ್ಕಿಂತ ಜಾಸ್ತಿ ಹಾನಿ ಮಾಡಿದವು.

ಹತ್ತಿ ಅಂದರೆ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಾ? ನಮ್ಮಲ್ಲಿ ಒಂದು ಟ್ಯಾಂಕಿಗೆ ಎರಡು ಮೂರು ಔಷಧಿ ಬೆರೆಸದೆ ಹೊಡೆಯುವವರು ಎಷ್ಟು ಜನ? ಮೆಣಸಿನಕಾಯಿಗೆ ಕಪ್ಪು ನುಸಿ ಬಿದ್ದ 2021ರಲ್ಲಿ ಅಂಗಡಿಯವರು ಕೊಟ್ಟದ್ದನ್ನೆಲ್ಲ ಬೆರೆಸಿ ಹೊಡೆದವರು ನಮ್ಮ ನೆಂಟರಲ್ಲೇ ಇದ್ದಾರೆ. ಲ್ಯಾಬ್‌ನಲ್ಲಿ ನಾವು ಯಾವತ್ತೂ ಒಂದು ಸಲಕ್ಕೆ ಒಂದೇ ವಿಷ ಹಾಕುತ್ತಿದ್ದೆವು. ಸಿಂಧನೂರಿನ ಟ್ಯಾಂಕಿನಲ್ಲಿರುವ ವಿಷದಿಂದ ಕೋಶವನ್ನು ಕಾಪಾಡುವ ಔಷಧಿಯನ್ನು ಯಾರೂ ಹುಡುಕಿಲ್ಲ, ಯಾಕೆಂದರೆ ಆ ಟ್ಯಾಂಕಿನಲ್ಲಿ ಏನಿದೆ ಅಂತ ಯಾರೂ ಬರೆದಿಟ್ಟಿಲ್ಲ.

ತಟ್ಟೆಯ ಬಗ್ಗೆ ಒಂದು ಮಾತು ಬಿಟ್ಟಿದ್ದೆ. 384 ಕುಳಿಗಳಲ್ಲಿ ಅಂಚಿನವು ಬೇಗ ಒಣಗುತ್ತವೆ. ಅಲ್ಲಿನ ಅಂಕಿ ನಂಬಿಕೆಗೆ ಬರುವುದಿಲ್ಲ. ಹಾಗಾಗಿ ಎಷ್ಟೋ ಲ್ಯಾಬ್‌ಗಳಲ್ಲಿ ಅಂಚಿಗೆ ಬರೀ ನೀರಿನಂಥ ದ್ರಾವಣ ತುಂಬಿ, ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನೀರು ಸರಿಯಾಗಿ ತಲುಪದ ಕಾಲುವೆಯ ಕೊನೆ ಭಾಗದ ಮಾನ್ವಿ, ಸಿರವಾರದ ರೈತರು. ಟೇಲ್ ಎಂಡ್. ಸೀನಿಯರ್‌ಗೆ ಹೇಳಿದೆ, ಅವರಿಗೆ ಅರ್ಥ ಆಗಲಿಲ್ಲ. ನಿಮಗೆ ಆಗುತ್ತದೆ.

ರೋಗದ ಜೀನ್‌ಗಳ ಲೆಕ್ಕದಲ್ಲೂ ನಾವು ಅಂಚಿನವರೇ. ಪಾರ್ಕಿನ್ಸನ್ ಜೀನ್‌ಗಳ ಅಧ್ಯಯನ ಬಹುಪಾಲು ಯುರೋಪ್ ಮೂಲದವರ ಮೇಲೆ ನಡೆದದ್ದು. ಎಲ್‌ಆರ್‌ಆರ್‌ಕೆ2 ಅನ್ನುವ ಜೀನಿನಲ್ಲಿ ಅಲ್ಲಿ ಹೆಚ್ಚಾಗಿ ಸಿಗುವ ಒಂದು ಬದಲಾವಣೆಯ ಸುತ್ತ ದೊಡ್ಡ ಕಂಪನಿಗಳು ಔಷಧಿ ತಯಾರಿಸುತ್ತಿವೆ. ಭಾರತದ ರೋಗಿಗಳಲ್ಲಿ ಅದೇ ಬದಲಾವಣೆ ತೀರಾ ಅಪರೂಪ. ನಮ್ಮಲ್ಲಿ ಸೋದರಮಾವನನ್ನು, ಅತ್ತೆ ಮಗನನ್ನು ಮದುವೆಯಾಗುವುದು ಇನ್ನೂ ಇದೆ. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ತೊಂದರೆ ಕೊಡುವ ಪಾರ್ಕಿನ್, ಪಿಂಕ್1 ಅನ್ನುವ ಜೀನ್‌ಗಳಿವೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಕೆಟ್ಟುಹೋದರೆ ಅದನ್ನು ಗುರುತಿಸಿ ಹೊರಹಾಕುವುದು ಇವುಗಳ ಕೆಲಸ. ಇವು ಕೆಟ್ಟರೆ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬರುತ್ತದೆ. ಮೂವತ್ತೈದಕ್ಕೆ ನಡುಗುವ ಕೈಯನ್ನು ನಮ್ಮ ಊರುಗಳಲ್ಲಿ ಗಾಳಿ, ಮಾಟ ಅಂತ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ.

ಹಾಗಾಗಿ ನನ್ನ ಬೇಡಿಕೆ ಹೀಗಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ವಾರಕ್ಕೊಂದು ದಿನ ನಡುಕದ ಕಾಯಿಲೆಗೆ ಅಂತಲೇ ಓಪಿಡಿ ಇರಲಿ, ಬಂದವರ ಹೆಸರಿನ ಮುಂದೆ ಹೊಲದ ಚರಿತ್ರೆಯನ್ನೂ ಬರೆಯಲಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ಅಳೆಯುವ ಪ್ರಯೋಗಾಲಯ ಇದೆ. ರೈತರು ನಿಜಕ್ಕೂ ಏನೇನು ಬೆರೆಸುತ್ತಾರೆ ಅಂತ ಊರೂರಿಗೆ ಹೋಗಿ ಕೇಳಿ ಪಟ್ಟಿ ಮಾಡಲು ಅವರಿಗಿಂತ ಬೇರೆ ಯಾರು ಬೇಕು?

ಒಪ್ಪಿದ ರೋಗಿಗಳಿಂದ ಹತ್ತು ಎಂಎಲ್ ರಕ್ತ ತೆಗೆದಿಡಿ. ರಕ್ತ ಯಾಕೆ ಅಂದರೆ, ಜಪಾನಿನ ಯಮನಾಕ 2006ರಲ್ಲಿ ಇಲಿಯ ಬೆಳೆದ ಕೋಶವನ್ನು ಹಿಂದಕ್ಕೆ ತಿರುಗಿಸಿ, ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಮೂಲಕೋಶ ಮಾಡುವುದನ್ನು ತೋರಿಸಿದರು, ಮರುವರ್ಷ ಮನುಷ್ಯರ ಕೋಶದಲ್ಲೂ. 2012ರಲ್ಲಿ ನೊಬೆಲ್ ಬಂತು. ಈಗ ಕಾರಟಗಿಯ ರೈತನ ರಕ್ತದಿಂದ ಕಾರಟಗಿಯ ರೈತನದ್ದೇ ನರಕೋಶ ತಟ್ಟೆಯಲ್ಲಿ ಬೆಳೆಸಬಹುದು. ಅದನ್ನು ನೀವು ಇಲ್ಲೇ ಮಾಡಿ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಸಮಯವೂ ಪಳಗಿದ ಕೈಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಸೇರಿ ಮಾನಸಿಕ ಕಾಯಿಲೆಯ ಕುಟುಂಬಗಳ ರಕ್ತದಿಂದ ಇಂಥ ಕೆಲಸ ಮಾಡಿವೆ. ನಾವು ಮಾಡಬೇಕಾದದ್ದು ರಕ್ತ ಮತ್ತು ಅದರ ಕಥೆ ಎರಡನ್ನೂ ಕೆಡದಂತೆ ಅಲ್ಲಿಗೆ ತಲುಪಿಸುವುದು.

ಇಡುವುದು ಎಲ್ಲಿ ಅಂತ ಅಧಿಕಾರಿಯೊಬ್ಬರು ನಕ್ಕಿದ್ದರು. ಸ್ವಾಮಿ, ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡಬೇಕು. ಆ ದ್ರವ ನಮ್ಮ ದನದ ಆಸ್ಪತ್ರೆಗಳಿಗೆ ಹೋರಿಯ ವೀರ್ಯದ ಕಡ್ಡಿ ಇಡಲು ಎಷ್ಟು ವರ್ಷದಿಂದ ಬರುತ್ತಿದೆ! 2021ರಲ್ಲಿ ಊರೂರಿಗೆ ಆಕ್ಸಿಜನ್ ಕಳಿಸಿದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬಳ್ಳಾರಿ ಪಕ್ಕದಲ್ಲೇ ಇದೆ. ಗಾಳಿಯಿಂದ ಆಕ್ಸಿಜನ್ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಸಾರಜನಕವೇ. ಎಮ್ಮೆಗೆ ಸಿಗುವ ಕ್ಯಾನ್ ಮನುಷ್ಯನಿಗೂ ಒಂದು ಸಿಗಲಿ.

ಒಪ್ಪಿಗೆಯ ವಿಷಯದಲ್ಲಿ ಮಾತ್ರ ಅವಸರ ಬೇಡ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಹೆಣ್ಣುಮಗಳ ಕೋಶಗಳನ್ನು ಅವರಿಗೆ ಹೇಳದೆ ತೆಗೆದುಕೊಂಡರು. ಅವು ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ, ಕಂಪನಿಗಳು ದುಡ್ಡು ಮಾಡಿಕೊಂಡವು, ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವವರು ಇನ್ನೂ ಇದ್ದಾರೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಮನೆಯವರ ಮುಂದೆ ಜೋರಾಗಿ ಓದಿ ಹೇಳಲಿ, ಬೇಡ ಅಂದರೆ ಚಿಕಿತ್ಸೆಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು. ಈ ರಕ್ತದಿಂದ ನಿಮ್ಮ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರೂ ಸುಳ್ಳು ಹೇಳಬಾರದು. ಆಗುವುದಿಲ್ಲ.

ಹಟ್ಟಿ ಚಿನ್ನದ ಗಣಿ, ಕುಷ್ಟಗಿಯ ಕಲ್ಲು ಕ್ವಾರಿ ಕಡೆಯವರೂ ಇದನ್ನು ಓದಲಿ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕೂಡ ಕೋಶ ಸಾಯುವ ಕಾಯಿಲೆಯೇ. ಶ್ವಾಸಕೋಶದ ಕಾವಲು ಕೋಶ ಧೂಳಿನ ಕಣವನ್ನು ನುಂಗುತ್ತದೆ, ಅರಗದೆ ಒಡೆದು ಸಾಯುತ್ತದೆ, ಹೊರಬಿದ್ದ ಕಣವನ್ನು ಇನ್ನೊಂದು ಕೋಶ ನುಂಗಿ ಸಾಯುತ್ತದೆ. ಇದೇ ಪುಸ್ತಕ, ಇದೇ ಕ್ಯಾನ್ ಅವರಿಗೂ ಆದೀತು.

ಈ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. "ರಕ್ತ ಎಷ್ಟು ಬೇಕಂತೆ?" ಅಂದರು. ಎರಡು ಚಮಚ ಅಂದೆ. "ಅಷ್ಟಕ್ಕೆ ಇಷ್ಟುದ್ದ ಬರೆದೀಯಾ?" ಅಂದರು. ನಿಮ್ಮ ಓಪಿಡಿ ಶುರುವಾದ ಮೊದಲ ದಿನ ನಾವು ಬರುತ್ತೇವೆ, ಹಳೆಯ ನೋಟ್‌ಬುಕ್‌ಗಳನ್ನೂ ತರುತ್ತೇವೆ. ಯಾವ ವರ್ಷ ಯಾವ ಎಣ್ಣೆ ಎಷ್ಟಕ್ಕೆ ತಂದರು ಅನ್ನುವುದೂ ಅದರಲ್ಲೇ ಇದೆ. ಬೆಳಿಗ್ಗೆ 7ಕ್ಕೆ ಗುಳಿಗೆ ತಗೊಂಡರೆ 8ರಿಂದ 11ರವರೆಗೆ ಅವರ ಕೈ ನಿಲ್ಲುತ್ತದೆ. ಸೂಜಿ ಚುಚ್ಚುವವರು ಆ ಹೊತ್ತಿನೊಳಗೆ ಕರೆದರೆ ಒಳ್ಳೆಯದು.

ಇತಿ,
ಕಾರಟಗಿ ಕಡೆಯ ಒಬ್ಬ ರೈತನ ಮಗಳು